ಲೂಪ್‌ಬ್ಯಾಕ್ ತಾನಾಗೇ ಮೇಲೇಳಲ್ಲ, ಯಾರಾದ್ರೂ ಎಬ್ಬಿಸಬೇಕು

127.0.0.1, ಅಂದ್ರೆ ಮಷೀನು ತನ್ನ ಜೊತೆ ತಾನೇ ಮಾತಾಡೋಕೆ ಇರೋ ಲೂಪ್‌ಬ್ಯಾಕ್ ಅಡ್ರೆಸ್ಸು, ಯಾವಾಗ್ಲೂ ಇದ್ದೇ ಇರ್ತೈತೆ ಅಂತ ನಮಗೆಲ್ಲ ಒಂದು ನಂಬಿಕೆ. ಕೇಬಲ್ ಕಿತ್ತಾಕ್ರಿ, ವೈಫೈ ಆಫ್ ಮಾಡ್ರಿ, ಲೋಕಲ್‌ಹೋಸ್ಟ್ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡ್ತಾನೇ ಇರ್ತೈತೆ. ದಿನದ ಕೆಲಸಕ್ಕೆ ಆ ನಂಬಿಕೆ ಸಾಕು, ಆದ್ರೆ ಕರ್ನಲ್, ಅಂದ್ರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅದರ ಪಕ್ಕದಲ್ಲೇ ಕೂತು ಕೋಡ್ ಬರೆಯೋರಿಗೆ ಅದು ಸಾಲಲ್ಲ. ಲಿನಕ್ಸ್ ನಲ್ಲಿ ಲೂಪ್‌ಬ್ಯಾಕ್ ಅನ್ನೋದೂ ಒಂದು ನೆಟ್ವರ್ಕ್ ಡಿವೈಸೇ. ಅದಕ್ಕೆ ಎಲ್ಓ ಅಂತ ಹೆಸರೈತೆ, 1 ಅಂತ ಇಂಡೆಕ್ಸ್ ನಂಬರ್ ಐತೆ, ಲೂಪ್‌ಬ್ಯಾಕ್ ಡಾಟ್ ಸಿ ಅಂತ ಅದರದ್ದೇ ಡ್ರೈವರ್ ಫೈಲ್ ಐತೆ, ಮತ್ತೆ ಹುಟ್ಟೋವಾಗ ಅದು ಡೌನ್ ಆಗೇ ಹುಟ್ತೈತೆ. ಅಂಗಡಿ ಐತೆ, ಬೋರ್ಡೂ ಐತೆ, ಆದ್ರೆ ಶೆಟರ್ ಇಳಿದೈತೆ. ಎತ್ತೋಕೆ ಒಬ್ರು ಬೇಕು. ನಿಮ್ಮ ಲ್ಯಾಪ್ಟಾಪಲ್ಲಿ ಆ ಕೆಲಸ ಸಿಸ್ಟಮ್‌ಡಿ ಮಾಡ್ತೈತೆ, ಬೂಟ್ ಆಗೋವಾಗ ಪಿಐಡಿ 1, ಅಂದ್ರೆ ಮೊದಲನೇ ಪ್ರೋಸೆಸ್ ಆಗಿ ಎದ್ದ ಕೂಡ್ಲೇ ಅದು ಮಾಡೋ ಶುರುವಿನ ಕೆಲಸಗಳಲ್ಲಿ ಇದೂ ಒಂದು. ಹಳೇ ಡೆಬಿಯನ್ ಸಿಸ್ಟಮ್ ನೋಡಿದೋರಿಗೆ ಇಂಟರ್ಫೇಸಸ್ ಫೈಲಲ್ಲಿ "ಆಟೋ ಎಲ್ಓ" ಅಂತ ಒಂದು ಸಾಲು ಇರ್ತಿತ್ತು ಅನ್ನೋದು ನೆನಪಿರಬಹುದು, ಅದೂ ಇದಕ್ಕೇನೆ.

ನಾನು ಇದನ್ನ ಬರೀತಿರೋದು ಯಾಕಂದ್ರೆ ನಾವು ದಾವಣಗೆರೆಲಿ ಕೆಲವು ಗೆಳೆಯರು ಸೇರ್ಕೊಂಡು ಇಂಜಿನಿಯರಿಂಗ್ ಹುಡುಗರ ಲ್ಯಾಬ್ ಪ್ರೋಗ್ರಾಮ್ ಓಡಿಸಿ ನೋಡೋಕೆ ಒಂದು ರನ್ನರ್ ಬರೀತಿದೀವಿ. ಊರಲ್ಲಿ ಇಂಜಿನಿಯರಿಂಗ್ ಕಾಲೇಜ್ ಗಳಿಗೇನು ಕಮ್ಮಿ ಇಲ್ಲ, ಹರಿಹರ, ಹೊನ್ನಾಳಿ, ಜಗಳೂರು, ಚನ್ನಗಿರಿ ಕಡೆಯಿಂದ ಹುಡುಗರು ಬಂದು ಓದ್ತಾರೆ, ಎಲ್ಲರ ಹತ್ರಾನೂ ಒಳ್ಳೆ ಲ್ಯಾಪ್ಟಾಪ್ ಇರಲ್ಲ. ಅಂಥೋರು ಕೋಡ್ ಅಪ್ಲೋಡ್ ಮಾಡಿದ್ರೆ ನಮ್ಮ ರನ್ನರ್ ಅದನ್ನ ಕಂಪೈಲ್ ಮಾಡಿ, ಒಂದು ಸ್ಯಾಂಡ್‌ಬಾಕ್ಸ್, ಅಂದ್ರೆ ಹೊರಗಿನ ಸಿಸ್ಟಮ್ ಮುಟ್ಟೋಕೆ ಬಿಡದ ಬೇಲಿ, ಅದರೊಳಗೆ ಓಡಿಸಿ, ಔಟ್‌ಪುಟ್ ತೋರಿಸ್ತೈತೆ. ಬೇರೆಯೋರು ಬರೆದ ಕೋಡು, ನಮ್ಮ ಮಷೀನ್ ಮೇಲೆ ಓಡ್ತೈತೆ, ಹಂಗಾಗಿ ಹೊರಗಿನ ನೆಟ್ ಅದಕ್ಕೆ ಸಿಗಲೇಬಾರ್ದು. ಡೇಟಾ ಸ್ಟ್ರಕ್ಚರ್ ಲ್ಯಾಬ್ ಇದ್ದಷ್ಟು ದಿನ ನೆಟ್ವರ್ಕ್ ಪೂರ್ತಿ ಬಂದ್ ಮಾಡಿ ಇಟ್ಟಿದ್ವಿ, ಲಿಂಕ್ಡ್ ಲಿಸ್ಟ್ ಗೆ ಯಾವ ನೆಟ್ ಬೇಕು. ಆಮೇಲೆ ನೆಟ್ವರ್ಕ್ ಲ್ಯಾಬ್ ಪ್ರೋಗ್ರಾಮ್ ಸೇರ್ಸಿದ್ವಿ. ವಿಟಿಯು ಹುಡುಗರಿಗೆ ಗೊತ್ತಿರ್ತೈತೆ, ಟಿಸಿಪಿ ಸಾಕೆಟ್ ಮೇಲೆ ಕ್ಲೈಂಟು ಒಂದು ಫೈಲ್ ಹೆಸರು ಕಳಿಸ್ಬೇಕು, ಸರ್ವರ್ರು ಆ ಫೈಲ್ ಒಳಗಿರೋದನ್ನ ವಾಪಸ್ ಕಳಿಸ್ಬೇಕು. ಕ್ಲೈಂಟು ಸರ್ವರ್ರು ಎರಡೂ ಒಂದೇ ಮಷೀನಲ್ಲಿ. ಅಂದ್ರೆ ಹೊರಗಿನ ನೆಟ್ ಬೇಡ, ಲೂಪ್‌ಬ್ಯಾಕ್ ಮಾತ್ರ ಬೇಕು.

ಲಿನಕ್ಸ್ ನಲ್ಲಿ ಇದಕ್ಕೆ ಹೇಳಿ ಮಾಡಿಸಿದಂಗೆ ಇರೋದು ನೆಟ್ವರ್ಕ್ ನೇಮ್‌ಸ್ಪೇಸು. ಅನ್‌ಶೇರ್ ಅನ್ನೋ ಸಿಸ್ಟಮ್ ಕಾಲ್ ಗೆ ಕ್ಲೋನ್ ನ್ಯೂನೆಟ್ ಫ್ಲ್ಯಾಗ್ ಕೊಟ್ರೆ ನಮ್ಮ ಪ್ರೋಸೆಸ್ಸಿಗೆ ಬೇರೇದೇ ನೆಟ್ವರ್ಕ್ ಪ್ರಪಂಚ ಸಿಗ್ತೈತೆ, ಅದರದ್ದೇ ಇಂಟರ್ಫೇಸು, ಅದರದ್ದೇ ರೂಟಿಂಗ್ ಟೇಬಲ್ಲು, ಅದರದ್ದೇ ಪೋರ್ಟ್ ನಂಬರ್ ಗಳು. ಹೊಸ ನೇಮ್‌ಸ್ಪೇಸ್ ಹುಟ್ಟಿದಾಗ ಕರ್ನಲ್ಲು ಮೊದಲು ಅದರೊಳಗೆ ಇಡೋ ಡಿವೈಸೇ ಎಲ್ಓ, ಅದಕ್ಕೇ ಪ್ರತಿ ನೇಮ್‌ಸ್ಪೇಸಲ್ಲೂ ಅದರ ಇಂಡೆಕ್ಸ್ 1. ಬೇರೆ ನಂಬರ್ ಬಂತಂದ್ರೆ ಮುಂದೆ ಹೋಗಲೇಬಾರ್ದು ಅಂತ ಕರ್ನಲ್ ಕೋಡಲ್ಲೇ ಚೆಕ್ ಹಾಕಿದಾರೆ. ಆದ್ರೆ ಅಡ್ರೆಸ್ ಇಲ್ಲ, ರೂಟ್ ಇಲ್ಲ. ಇಂಟರ್ಫೇಸ್ ಪಟ್ಟಿ ತೋರಿಸೋ ಐಪಿ ಲಿಂಕ್ ಕಮ್ಯಾಂಡ್ ಕೊಟ್ರೆ ಒಂದೇ ಒಂದು ಇಂಟರ್ಫೇಸು, ಎಂಟಿಯು (ಒಂದ್ಸಲಕ್ಕೆ ಹೋಗೋ ಪ್ಯಾಕೆಟ್ಟಿನ ಗರಿಷ್ಠ ಬೈಟು) 65536, ಸ್ಟೇಟ್ ಡೌನ್.

ಈ ಸ್ಥಿತಿಲಿ ಪ್ರೋಗ್ರಾಮ್ ಓಡಿಸಿದ್ರೆ ಏನಾಗ್ತೈತೆ ಅನ್ನೋದು ಅದು ಹೆಂಗೆ ಬರೆದಿದಾರೆ ಅನ್ನೋದರ ಮೇಲೆ. ಸರ್ವರ್ರು 127.0.0.1 ಗೇ ಬೈಂಡ್ ಮಾಡೋಕೆ, ಅಂದ್ರೆ ಆ ಅಡ್ರೆಸ್ಸಲ್ಲಿ ಕೂರೋಕೆ ಹೋದ್ರೆ ಎರರ್ 99, ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್. ಹೆಚ್ಚಿನ ಲ್ಯಾಬ್ ಮ್ಯಾನ್ಯುಯಲ್ ಗಳಲ್ಲಿ ಇರೋ ಹಂಗೆ ಇನ್‌ಅಡರ್ ಎನಿ, ಅಂದ್ರೆ ಯಾವ ಅಡ್ರೆಸ್ಸಾದ್ರೂ ಸರಿ ಅನ್ನೋ 0.0.0.0 ಗೆ ಬೈಂಡ್ ಮಾಡಿದ್ರೆ ಬೈಂಡೂ ಆಗ್ತೈತೆ, ಲಿಸನ್ನೂ ಆಗ್ತೈತೆ, ಸರ್ವರ್ರು ಆರಾಮಾಗಿ ಕಾಯ್ತಾ ಕೂರ್ತೈತೆ, ಆಮೇಲೆ ಕ್ಲೈಂಟ್ ಕನೆಕ್ಟ್ ಮಾಡೋಕೆ ಹೋದಾಗ ಎರರ್ 101, ನೆಟ್ವರ್ಕ್ ಈಸ್ ಅನ್‌ರೀಚಬಲ್. ತನ್ನದೇ ಮಷೀನಿಗೆ ಹೋಗೋಕೆ ದಾರಿ ಇಲ್ಲ ಅಂತ ಮಷೀನೇ ಹೇಳಿದ್ರೆ ಸೆಕೆಂಡ್ ಇಯರ್ ಥರ್ಡ್ ಇಯರ್ ಹುಡುಗರು ಏನ್ ಅನ್ಕೋಬೇಕು ಹೇಳ್ರಿ.

ಜಗಳೂರು ಕಡೆ ಹುಡುಗಿ ಒಬ್ಬಳು ವಿದ್ಯಾನಗರದ ನಮ್ಮ ರೂಮಿಗೇ ಬಂದು ಕೇಳಿದ್ಲು.

"ಅಣ್ಣ, ನಮ್ಮ ಲ್ಯಾಬಲ್ಲಿ ಇದೇ ಪ್ರೋಗ್ರಾಮ್ ಓಡ್ತೈತೆ, ನಿಮ್ಮದ್ರಲ್ಲಿ ಬೈಂಡ್ ಹತ್ರಾನೇ ನಿಂತೋಗ್ತೈತೆ."

ನಾನು ಲೂಪ್‌ಬ್ಯಾಕ್ ಡೌನ್ ಇರ್ತೈತೆ, ಅದಕ್ಕೆ ಅಂದೆ. ಅವಳು ಒಪ್ಪಲಿಲ್ಲ, ಯಾಕಂದ್ರೆ ಅವಳಾಗಲೇ ಹುಡುಕಿ ನೋಡಿದ್ಲು. ಸಿಸ್ಟಮ್ ಒಳಗಿನ ಫೈಲ್ ಓದೋ ಒಂದು ಸಣ್ಣ ಸಿ ಪ್ರೋಗ್ರಾಮ್ ಬರೆದು ನಮ್ಮ ರನ್ನರಿಗೇ ಕಳಿಸಿದ್ಲು, /ಸಿಸ್/ಕ್ಲಾಸ್/ನೆಟ್/ಎಲ್ಓ/ಫ್ಲ್ಯಾಗ್ಸ್ ಅನ್ನೋ ಫೈಲು.

"ಇಲ್ನೋಡ್ರಿ ಅಣ್ಣ, 9 ಬಂದೈತೆ. 8 ಅಂದ್ರೆ ಲೂಪ್‌ಬ್ಯಾಕು, 1 ಅಂದ್ರೆ ಅಪ್ಪು. ಡೌನ್ ಇದ್ದಿದ್ರೆ ಬರೀ 8 ಬರ್ಬೇಕಿತ್ತಲ್ಲ?"

ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ಲು ಅಂತ ನನಗೆ ಈಗ್ಲೂ ಖುಷಿ. ಅವಳ ಲೆಕ್ಕ ನೂರಕ್ಕೆ ನೂರು ಸರಿ, ಆ ಫೈಲಲ್ಲಿ ಬಂದ 9 ಕೂಡ ನಿಜಾನೇ, ಆದ್ರೆ ಅದು ಬೇರೆ ಎಲ್ಓ. ಸಿಸ್‌ಎಫ್‌ಎಸ್, ಅಂದ್ರೆ ಆ /ಸಿಸ್ ಫೋಲ್ಡರಲ್ಲಿ ಕರ್ನಲ್ ತೋರಿಸೋ ಫೈಲ್ ಸಿಸ್ಟಮ್ಮು, ಯಾವ ನೆಟ್ವರ್ಕ್ ನೇಮ್‌ಸ್ಪೇಸಲ್ಲಿ ಮೌಂಟ್ ಆಗಿರ್ತೈತೋ ಆ ನೇಮ್‌ಸ್ಪೇಸಿನ ಡಿವೈಸ್ ಗಳನ್ನೇ ತೋರಿಸ್ತೈತೆ, ಓದ್ತಿರೋ ಪ್ರೋಸೆಸ್ ಎಲ್ಲೈತೆ ಅಂತ ನೋಡಲ್ಲ. ಹೊರಗಿನ /ಸಿಸ್ ಅನ್ನ ಹಂಗೇ ಒಳಗೆ ತೋರಿಸಿದಾಗ ಅವಳಿಗೆ ಕಂಡಿದ್ದು ಹೊರಗಿನ ಹೋಸ್ಟ್ ಮಷೀನಿನ ಲೂಪ್‌ಬ್ಯಾಕು, ಅದು ಅಪ್ಪೇ ಐತೆ. /ಪ್ರಾಕ್/ನೆಟ್ ಹಂಗಲ್ಲ, ಅದು ಓದೋ ಪ್ರೋಸೆಸ್ಸಿನ ನೇಮ್‌ಸ್ಪೇಸನ್ನೇ ತೋರಿಸ್ತೈತೆ. ಹೇಳ್ತಾ ಹೇಳ್ತಾ ಅವಳಿಂದಲೇ ಪ್ರೋಗ್ರಾಮ್ ಬದಲಾಯಿಸಿ ಫೈಲ್ ಬದ್ಲು ಸಾಕೆಟ್ ಮೂಲಕ ಫ್ಲ್ಯಾಗ್ ಕೇಳಿಸಿದ್ವಿ, 8 ಬಂತು. ಅವಳು ಸ್ವಲ್ಪ ಹೊತ್ತು ಆ 8 ನ್ನೇ ನೋಡ್ತಾ ಕೂತಿದ್ಲು, ಆಮೇಲೆ "ಹಂಗಾದ್ರೆ ಇದನ್ನ ಅಪ್ ಮಾಡೋದು ಹೆಂಗೆ, ಐಪಿ ಕಮ್ಯಾಂಡ್ ಇಲ್ಲಿ ಇಲ್ವಲ್ಲ" ಅಂದ್ಲು. ಅಲ್ಲಿಂದ ಶುರುವಾಗಿದ್ದೇ ಈ ಬರಹದ ಉಳಿದ ಭಾಗ.

ಐಪಿ ಲಿಂಕ್ ಸೆಟ್ ಎಲ್ಓ ಅಪ್ ಅಂತ ಒಂದು ಕಮ್ಯಾಂಡ್ ಓಡಿಸಿದ್ರೆ ಮುಗೀತಲ್ಲ ಅಂತ ಸುಮಾರು ಜನ ಕೇಳ್ತಾರೆ. ಟರ್ಮಿನಲ್ ಮುಂದೆ ಕೂತಿರೋರಿಗೆ ಅದೇ ಸರಿ. ಆದ್ರೆ ಸ್ಯಾಂಡ್‌ಬಾಕ್ಸ್ ಒಳಗೆ ನಾವು ಇಟ್ಟಿರೋದು ಸಿ ಲೈಬ್ರರಿ ಮತ್ತೆ ಹುಡುಗರ ಪ್ರೋಗ್ರಾಮ್ ಅಷ್ಟೆ, ಅಲ್ಲಿ ಐಪಿ ಅನ್ನೋ ಬೈನರಿನೇ ಇಲ್ಲ. ಇನ್ನೊಂದು, ಪ್ರತಿ ಸಲ ಓಡಿಸ್ದಾಗ್ಲೂ ಒಂದು ಹೊಸ ಪ್ರೋಸೆಸ್ ಹುಟ್ಟಿಸಿ ಅದು ಇಂಗ್ಲಿಷಲ್ಲಿ ಏನ್ ಬೈತು ಅಂತ ಓದಿ ಅರ್ಥ ಮಾಡ್ಕೊಳ್ಳೋದಕ್ಕಿಂತ, ಕರ್ನಲ್ ಕೊಡೋ ಎರರ್ ನಂಬರ್ ಕೈಗೆ ನೇರ ಸಿಕ್ರೆ ಒಳ್ಳೇದು. ಮತ್ತೆ ಪರ್ಮಿಷನ್ನಿನ ದೊಡ್ಡ ಕಾರಣ ಒಂದೈತೆ, ಅದು ಮುಂದೆ ಬರ್ತೈತೆ.

ಸಿ ಕೋಡಲ್ಲಿ ಇದನ್ನ ಮಾಡೋಕೆ ಎರಡು ದಾರಿ. ಹಳೇದು ಐಒಸಿಟಿಎಲ್, ಡಿವೈಸಿಗೆ ಆದೇಶ ಕೊಡೋ ಸಿಸ್ಟಮ್ ಕಾಲು. ಒಂದು ಸಾಮಾನ್ಯ ಯುಡಿಪಿ ಸಾಕೆಟ್ ತೆಗೀರಿ, ಅದರಲ್ಲಿ ಒಂದು ಪ್ಯಾಕೆಟ್ಟೂ ಕಳಿಸಲ್ಲ, ಕರ್ನಲ್ಲಿನ ನೆಟ್ವರ್ಕ್ ಭಾಗದ ಹತ್ರ ಮಾತಾಡೋಕೆ ಒಂದು ಫೈಲ್ ಡಿಸ್ಕ್ರಿಪ್ಟರ್ ಬೇಕು ಅದಕ್ಕೆ. ಆಮೇಲೆ ಐಎಫ್‌ರೆಕ್ ಅನ್ನೋ ಸ್ಟ್ರಕ್ಚರು, 64 ಬಿಟ್ ಮಷೀನಲ್ಲಿ 40 ಬೈಟು, ಅದರ ಮೊದಲ 16 ಬೈಟ್ ಇಂಟರ್ಫೇಸ್ ಹೆಸರಿಗೆ, ಅದಾದ್ಮೇಲೆ ಎರಡು ಬೈಟ್ ಫ್ಲ್ಯಾಗ್. ಪೂರ್ತಿ ಸೊನ್ನೆ ತುಂಬ್ರಿ, ಹೆಸರಿನ ಜಾಗಕ್ಕೆ ಎಲ್ಓ ಅಂತ ಹಾಕ್ರಿ, ಮೊದ್ಲು ಈಗಿರೋ ಫ್ಲ್ಯಾಗ್ ಕೇಳ್ರಿ, ಆ ರಿಕ್ವೆಸ್ಟ್ ನಂಬರ್ ಹೆಕ್ಸ್ ನಲ್ಲಿ 8913. ಬಂದಿದ್ದಕ್ಕೆ 1 ಅನ್ನ ಆರ್ ಮಾಡಿ ವಾಪಸ್ ಬರೀರಿ, ಅದು 8914. ಮುಗೀತು. ಅಪ್ ಜೊತೆ ರನ್ನಿಂಗ್ ಫ್ಲ್ಯಾಗೂ ಸೇರ್ಸಿರೋ ಕೋಡು ಸುಮಾರು ಕಡೆ ಸಿಗ್ತೈತೆ, ನಿಕ್ಸ್ ಅನ್ನೋ ಪ್ಯಾಕೇಜ್ ಮ್ಯಾನೇಜರಿನ ಬಿಲ್ಡ್ ಸ್ಯಾಂಡ್‌ಬಾಕ್ಸಲ್ಲೂ ಹಂಗೇ ಐತೆ, ಅದರಿಂದ ತೊಂದ್ರೆ ಏನಿಲ್ಲ, ಕರ್ನಲ್ಲು ರನ್ನಿಂಗ್ ಮತ್ತೆ ಲೂಪ್‌ಬ್ಯಾಕ್ ಬಿಟ್ ಗಳನ್ನ ನಮ್ಮಿಂದ ತಗೊಳ್ಳೋದೇ ಇಲ್ಲ, ತನ್ನ ಹತ್ರ ಇರೋದನ್ನೇ ಇಟ್ಕೊಳ್ತೈತೆ. ನಾವು ಬರೀ ಅಪ್ ಬಿಟ್ ಮಾತ್ರ ಹಾಕ್ತೀವಿ, ಓದೋರಿಗೆ ಯಾವುದು ಕೆಲಸ ಮಾಡ್ತು ಅಂತ ಸ್ಪಷ್ಟ ಇರ್ಲಿ ಅಂತ.

ಈ ದಾರಿಲಿ ಒಂದು ಕಡೆ ಮಾತ್ರ ತುಂಬಾ ಹುಷಾರಾಗಿರ್ಬೇಕು, ಇದನ್ನ ನಾನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸ್ಬೇಕು ಅಂತೀನಿ. ಸಾಕೆಟ್ ಅನ್ನೋದು ತಾನು ಹುಟ್ಟಿದ ನೇಮ್‌ಸ್ಪೇಸಿಗೇ ಸೇರಿದ್ದು. ಅನ್‌ಶೇರ್ ಗಿಂತ ಮುಂಚೆ ಸಾಕೆಟ್ ತೆಗೆದಿಟ್ಟು, ಅನ್‌ಶೇರ್ ಆದ್ಮೇಲೆ ಅದೇ ಸಾಕೆಟ್ ಮೇಲೆ ಎಲ್ಓ ಅಪ್ ಮಾಡು ಅಂದ್ರೆ, ಕರ್ನಲ್ಲು ಹಳೇ ನೇಮ್‌ಸ್ಪೇಸಿನ ಎಲ್ಓ ಹುಡುಕ್ತೈತೆ. ನೀವು ರೂಟ್ ಆಗಿದ್ರೆ ಆ ಕಾಲ್ ಸಕ್ಸಸ್ ಅಂತ 0 ವಾಪಸ್ ಕೊಡ್ತೈತೆ, ಯಾಕಂದ್ರೆ ಹೊರಗಿನ ಎಲ್ಓ ಮೊದಲೇ ಅಪ್ ಐತೆ, ಅಪ್ ಇರೋದನ್ನ ಅಪ್ ಮಾಡು ಅಂದ್ರೆ ತಪ್ಪೇನಿಲ್ಲ. ಎಲ್ಲಾ ಸರಿ ಹೋದಂಗೆ ಕಾಣ್ತೈತೆ, ಒಳಗಿನ ಎಲ್ಓ ಮಾತ್ರ ಡೌನ್ ಆಗೇ ಇರ್ತೈತೆ. ರಿಟರ್ನ್ ವ್ಯಾಲ್ಯೂ ಚೆಕ್ ಮಾಡಿದ್ರೂ ಸಿಗಲ್ಲ, ಸಿಸ್ಟಮ್ ಕಾಲ್ ತೋರಿಸೋ ಸ್ಟ್ರೇಸ್ ಹಾಕಿ ನೋಡಿದ್ರೂ ಎಲ್ಲಾ ಸೊನ್ನೆ. ಕ್ರಮ ಮುಖ್ಯ, ಮೊದ್ಲು ಅನ್‌ಶೇರ್, ಆಮೇಲೆ ಸಾಕೆಟ್. ಅಪ್ ಮಾಡಿದ ಮೇಲೆ ಚೆಕ್ ಮಾಡೋದಿದ್ರೂ ಹೊಸ ನೇಮ್‌ಸ್ಪೇಸಲ್ಲಿ ಹುಟ್ಟಿದ ಸಾಕೆಟ್ಟಿಂದಲೇ ಕೇಳ್ಬೇಕು.

ಥ್ರೆಡ್ ಇರೋ ಪ್ರೋಗ್ರಾಮಲ್ಲಿ ಇದು ಇನ್ನೂ ಸೂಕ್ಷ್ಮ, ಯಾಕಂದ್ರೆ ಅನ್‌ಶೇರ್ ಅನ್ನೋದು ಕರೆದ ಥ್ರೆಡ್ಡಿಗೆ ಮಾತ್ರ ಅನ್ವಯ, ಪಕ್ಕದ ಥ್ರೆಡ್ ಹಳೇ ನೇಮ್‌ಸ್ಪೇಸಲ್ಲೇ ಇರ್ತೈತೆ. ಗೋ ಭಾಷೆಲಿ ಬರೆಯೋರು ಓಎಸ್ ಥ್ರೆಡ್ ಲಾಕ್ ಮಾಡ್ಕೊಳ್ದೆ ಇದಕ್ಕೆ ಕೈ ಹಾಕ್ಬೇಡ್ರಿ, ಮಧ್ಯದಲ್ಲಿ ರನ್‌ಟೈಮ್ ನಿಮ್ಮ ಕೋಡನ್ನ ಬೇರೆ ಥ್ರೆಡ್ಡಿಗೆ ಎತ್ತಿ ಹಾಕಿದ್ರೆ ಸಾಕೆಟ್ ಯಾವ ಪ್ರಪಂಚದಲ್ಲಿ ಹುಟ್ತು ಅಂತಾನೇ ಗೊತ್ತಾಗಲ್ಲ. ನಾವು ಸಿ ಲಿ ಒಂದೇ ಥ್ರೆಡ್ ಇರೋ ಸಣ್ಣ ಚೈಲ್ಡ್ ಪ್ರೋಸೆಸ್ಸಲ್ಲಿ ಇದನ್ನೆಲ್ಲ ಮಾಡಿ ಮುಗಿಸ್ತೀವಿ.

ಎರಡನೇ ದಾರಿ ನೆಟ್‌ಲಿಂಕು, ಅಂದ್ರೆ ಸಾಕೆಟ್ ಮೂಲಕ ಕರ್ನಲ್ಲಿಗೆ ಮೆಸೇಜ್ ಕಳಿಸೋದು, ನನಗೆ ಹೆಚ್ಚು ಇಷ್ಟ ಆಗೋದು ಇದೇ. ಐಪಿ ಕಮ್ಯಾಂಡು ಒಳಗೊಳಗೆ ಮಾಡೋದೂ ಇದೇ. ಲೈಬ್ರರಿ ಏನೂ ಬೇಡ, ಎಲ್ಓ ಅಪ್ ಮಾಡೋಕೆ ಬೇಕಾಗಿರೋ ಪೂರ್ತಿ ಮೆಸೇಜು ಬರೀ 32 ಬೈಟು, ಕೈಯಲ್ಲೇ ಬರೀಬಹುದು. ಆ ಹುಡುಗಿ ಜೊತೆ ಕೂತು ಹಾಳೆ ಮೇಲೆ ಬರೆದಿದ್ದನ್ನ ಹಂಗೇ ಇಲ್ಲಿ ಹಾಕ್ತೀನಿ, ಎಲ್ಲಾ ಹೆಕ್ಸ್ ನಲ್ಲಿ, ನಮ್ಮ ಇಂಟೆಲ್ ಮಷೀನ್ ಗಳಲ್ಲಿ ಇರೋ ಹಂಗೆ ಚಿಕ್ಕ ಬೈಟ್ ಮೊದ್ಲು:

20 00 00 00 10 00 05 00
01 00 00 00 00 00 00 00
00 00 00 00 01 00 00 00
01 00 00 00 01 00 00 00

ಮೊದಲ ನಾಲ್ಕು ಬೈಟ್ ಒಟ್ಟು ಉದ್ದ, ಹೆಕ್ಸ್ 20 ಅಂದ್ರೆ 32. ಆಮೇಲೆ 10, ಅಂದ್ರೆ 16, ಆರ್‌ಟಿಎಂ ನ್ಯೂಲಿಂಕ್ ಅನ್ನೋ ಮೆಸೇಜ್ ಟೈಪು. ಹೆಸರಲ್ಲಿ ನ್ಯೂ ಅಂತ ಇದ್ರೂ ಇರೋ ಲಿಂಕನ್ನ ಬದಲಾಯಿಸೋಕೂ ಇದೇ. ಆಮೇಲಿನ 05 ರಲ್ಲಿ 1 ಅಂದ್ರೆ ಇದು ರಿಕ್ವೆಸ್ಟು, 4 ಅಂದ್ರೆ ನನಗೆ ಉತ್ತರ ಬೇಕು ಅಂತ. ಎರಡನೇ ಸಾಲಲ್ಲಿ ನಮ್ಮ ಸೀಕ್ವೆನ್ಸ್ ನಂಬರು ಮತ್ತೆ ಪೋರ್ಟ್ ಐಡಿ. ಮೂರನೇ ಸಾಲಿನ ಮೊದಲರ್ಧ ಖಾಲಿ, ಎರಡನೇ ಅರ್ಧದಲ್ಲಿರೋ 01 ಇಂಟರ್ಫೇಸ್ ಇಂಡೆಕ್ಸು, ಎಲ್ಓ ಯಾವಾಗ್ಲೂ 1 ಅಂತ ಮೊದಲೇ ಹೇಳಿದ್ನಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರ್ತೈತೆ, ಹೆಸರಿಂದ ಹುಡುಕೋ ಕೆಲಸ ಇಲ್ಲ. ಕೊನೇ ಸಾಲಲ್ಲಿ ಎರಡು 01. ಮೊದಲನೇದು ಫ್ಲ್ಯಾಗು, ಎರಡನೇದು ಮಾಸ್ಕು, ಅಂದ್ರೆ ಯಾವ ಬಿಟ್ ಮುಟ್ಟಬೇಕು ಅಂತ. ಅಪ್ ಬಿಟ್ ಒಂದನ್ನ ಮಾತ್ರ ಮುಟ್ಟು, ಅದನ್ನ 1 ಮಾಡು, ಉಳಿದಿದ್ದು ಇದ್ದಂಗೇ ಇರ್ಲಿ. ಐಒಸಿಟಿಎಲ್ ನಲ್ಲಿ ಓದಿ, ಬದಲಾಯಿಸಿ, ಬರೆಯೋ ಮೂರು ಹೆಜ್ಜೆ ಇಲ್ಲಿ ಒಂದೇ ಆಯ್ತು, ಮಧ್ಯದಲ್ಲಿ ಬೇರೆ ಯಾರೋ ಫ್ಲ್ಯಾಗ್ ಬದಲಾಯಿಸಿದ್ರೆ ಅನ್ನೋ ಪ್ರಶ್ನೆನೇ ಇಲ್ಲ.

ಕರ್ನಲ್ ಕೊಡೋ ಉತ್ತರ ಹೊಸಬರಿಗೆ ಸ್ವಲ್ಪ ಗಾಬರಿ ಮಾಡ್ತೈತೆ. ವಾಪಸ್ ಬರೋ ಮೆಸೇಜಿನ ಟೈಪ್ ನೋಡಿದ್ರೆ 2, ಅಂದ್ರೆ ನೆಟ್‌ಲಿಂಕ್ ಎರರ್. ಆದ್ರೆ ಒಳಗಿರೋ ಎರರ್ ನಂಬರ್ 0 ಇದ್ರೆ ಅದೇ ಸಕ್ಸಸ್. ಟೈಪ್ ನೋಡಿ ಫೇಲ್ ಆಯ್ತು ಅಂತ ತೀರ್ಮಾನಕ್ಕೆ ಬರದೇ ಒಳಗಿನ ನಂಬರ್ ಓದ್ರಿ. ಅದು ಮೈನಸ್ 1 ಇದ್ರೆ ಪರ್ಮಿಷನ್ ಇಲ್ಲ ಅಂತ, ಮೈನಸ್ 19 ಇದ್ರೆ ಆ ಡಿವೈಸೇ ಇಲ್ಲ ಅಂತ.

ಅಪ್ ಅಂದ ತಕ್ಷಣ ಕರ್ನಲ್ ಒಳಗೆ ಏನಾಗ್ತೈತೆ ಅನ್ನೋದೂ ಚೆನ್ನಾಗೈತೆ. ನಾವು 127.0.0.1 ಅಂತ ಎಲ್ಲೂ ಬರೀಲೇ ಇಲ್ಲ, ಗಮನಿಸಿದ್ರಾ? ಡಿವೈಸ್ ಅಪ್ ಆಯ್ತು ಅನ್ನೋ ಸುದ್ದಿ ಐಪಿವಿ4 ಕೋಡಿಗೆ ಹೋಗ್ತೈತೆ, ಅದು ನೋಡ್ತೈತೆ, ಇದು ಲೂಪ್‌ಬ್ಯಾಕಾ, ಇದರ ಮೇಲೆ ಅಡ್ರೆಸ್ ಒಂದೂ ಇಲ್ವಾ, ಹಂಗಾದ್ರೆ 127.0.0.1 ನ್ನ 8 ಬಿಟ್ ಪ್ರಿಫಿಕ್ಸ್ ಜೊತೆ ತಾನೇ ಹಾಕ್ತೈತೆ. ಐಪಿವಿ6 ಕಡೆಯೋರು ಹಂಗೇ ::1 ಹಾಕ್ತಾರೆ. ಅದರ ಹಿಂದೇನೇ ಲೋಕಲ್ ರೂಟಿಂಗ್ ಟೇಬಲಲ್ಲಿ 127.0.0.0 ದಿಂದ ಶುರುವಾಗೋ ಇಡೀ ಬ್ಲಾಕು ಎಲ್ಓ ಕಡೆ ಅಂತ ಸಾಲು ಬೀಳ್ತೈತೆ. ಆ ಬ್ಲಾಕಲ್ಲಿ 1,67,77,216 ಅಡ್ರೆಸ್ ಐತೆ, ಲಿನಕ್ಸಲ್ಲಿ 127.5.6.7 ಗೆ ಬೈಂಡ್ ಮಾಡಿದ್ರೂ ನಡೀತೈತೆ, ಬೇಕಾದ್ರೆ ಈಗ್ಲೇ ಟ್ರೈ ಮಾಡಿ ನೋಡ್ರಿ. 127 ರ ಅಡ್ರೆಸ್ ಯಾವುದೂ ಮಷೀನ್ ಬಿಟ್ಟು ಹೊರಗೆ ಕಾಣಿಸ್ಕೋಬಾರ್ದು ಅಂತ 1989 ರ ಆರ್‌ಎಫ್‌ಸಿ 1122 ಅನ್ನೋ ಇಂಟರ್ನೆಟ್ ನಿಯಮದ ದಾಖಲೆಯಲ್ಲೇ ಬರೆದಿಟ್ಟಿದಾರೆ. ಐಪಿವಿ6 ನೋರು ಇದಕ್ಕೆ ಒಂದೇ ಅಡ್ರೆಸ್ ಇಟ್ಕೊಂಡ್ರು, ನನ್ನ ಪ್ರಕಾರ ಅದೇ ಸರಿಯಾದ ಲೆಕ್ಕ.

ಕರ್ನಲ್ಲೇ ಅಡ್ರೆಸ್ ಹಾಕಿದ್ರೂ ಸಿಸ್ಟಮ್‌ಡಿ ತಾನೂ ಒಂದ್ಸಲ ಎರಡೂ ಅಡ್ರೆಸ್ ಸೇರಿಸ್ತೈತೆ. ಅವರ ಕೋಡಲ್ಲೇ ಕಾಮೆಂಟ್ ಬರೆದಿದಾರೆ, ಅಡ್ರೆಸ್ ನಿಜವಾಗ್ಲೂ ಕೂತಿದೆ ಅಂತ ಖಾತ್ರಿ ಆಗೋವರೆಗೂ ಕಾಯೋಕೆ ಹಿಂಗೆ ಮಾಡ್ತೀವಿ ಅಂತ. ಬಬಲ್‌ರ್ಯಾಪ್ ಅನ್ನೋ ಸ್ಯಾಂಡ್‌ಬಾಕ್ಸ್ ಟೂಲ್ ಕೂಡ ಮೊದ್ಲು ಅಡ್ರೆಸ್ ಸೇರಿಸಿ ಆಮೇಲೆ ಅಪ್ ಮಾಡ್ತೈತೆ. ಕಂಟೇನರ್ ಓಡಿಸೋ ಡಾಕರ್ ಬಳಸೋರಿಗೆ ಅದರೊಳಗಿನ ರನ್‌ಸಿ ಈ ಕೆಲಸ ಮಾಡ್ತೈತೆ, ಕುಬರ್ನೆಟಿಸ್ ನಲ್ಲಿ ಲೂಪ್‌ಬ್ಯಾಕ್ ಅಂತಾನೇ ಒಂದು ಸಿಎನ್ಐ (ಕಂಟೇನರ್ ನೆಟ್ವರ್ಕ್) ಪ್ಲಗಿನ್ನು. ಎಲ್ಲಾ ಕಡೆ ಯಾರೋ ಒಬ್ರು ಸದ್ದಿಲ್ದೆ ಈ ಕೆಲಸ ಮಾಡ್ತಿರೋದ್ರಿಂದಲೇ ನಮಗೆ ಇದು ಕಾಣ್ಸೋದೇ ಇಲ್ಲ.

ಅಪ್ ಆದ್ಮೇಲೆ ಐಪಿ ಲಿಂಕ್ ನೋಡಿದ್ರೆ ಸ್ಟೇಟ್ ಅನ್‌ನೋನ್ ಅಂತ ಬರ್ತೈತೆ, ಅದನ್ನ ನೋಡಿ ಗಾಬರಿ ಆಗ್ಬೇಡ್ರಿ, ಲೂಪ್‌ಬ್ಯಾಕಿಗೆ ಅದೇ ಸರಿ. ಆ್ಯಂಗಲ್ ಬ್ರ್ಯಾಕೆಟ್ ಒಳಗೆ ಅಪ್ ಅಂತ ಇದ್ಯಾ ಅಷ್ಟೇ ನೋಡ್ರಿ. ಡ್ರೈವರ್ ಕೋಡ್ ಓದೋ ಆಸೆ ಇದ್ರೆ ಕರ್ನಲ್ ಸೋರ್ಸಲ್ಲಿ ಡ್ರೈವರ್ಸ್, ನೆಟ್ ಫೋಲ್ಡರ್ ಒಳಗೆ ಐತೆ, ಚಿಕ್ಕ ಫೈಲು, ಕರ್ನಲ್ ನೆಟ್ವರ್ಕ್ ಕೋಡ್ ಓದೋಕೆ ಶುರು ಮಾಡೋರಿಗೆ ನಾನು ಯಾವಾಗ್ಲೂ ಇದನ್ನೇ ಮೊದ್ಲು ಕೊಡ್ತೀನಿ. ಕಳಿಸೋ ಫಂಕ್ಷನ್ನು ಮಾಡೋದು ಇಷ್ಟೇ, ಕೈಗೆ ಬಂದ ಪ್ಯಾಕೆಟ್ಟನ್ನ ಬರೋ ಪ್ಯಾಕೆಟ್ ಗಳ ಕ್ಯೂಗೆ ವಾಪಸ್ ಹಾಕೋದು. ಕಳಿಸಿದ್ದೂ ಬಂದಿದ್ದೂ ಒಂದೇ ಆಗಿರೋದ್ರಿಂದ ಎಲ್ಓ ಮೇಲೆ ಆರ್‌ಎಕ್ಸ್ (ಬಂದಿದ್ದು) ಟಿಎಕ್ಸ್ (ಕಳಿಸಿದ್ದು) ಎರಡೂ ಲೆಕ್ಕ ಯಾವಾಗ್ಲೂ ಸಮ ಸಮ ಇರ್ತೈತೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಆಶ್ಚರ್ಯ. ನೇಮ್‌ಸ್ಪೇಸಿಗೆ ವೆತ್ ಜೋಡಿ, ಅಂದ್ರೆ ಎರಡು ತುದಿ ಇರೋ ವರ್ಚುವಲ್ ಕೇಬಲ್ ಹಾಕಿ, 10.0.0.2 ಅಂತ ಅಡ್ರೆಸ್ ಕೊಟ್ಟು, ಎಲ್ಓ ಡೌನ್ ಇದ್ದಂಗೇ ಒಳಗಿಂದ ತನ್ನದೇ 10.0.0.2 ಗೆ ಪಿಂಗ್ ಮಾಡಿ ನೋಡ್ರಿ, ಉತ್ತರ ಬರಲ್ಲ. ಆಚೆ ತುದಿಲಿರೋ 10.0.0.1 ಗೆ ಮಾತ್ರ ಚೆನ್ನಾಗಿ ಹೋಗ್ತೈತೆ. ಯಾಕಂದ್ರೆ ಮಷೀನು ತನ್ನದೇ ಯಾವ ಅಡ್ರೆಸ್ಸಿಗೆ ಕಳಿಸಿದ್ರೂ ಆ ಪ್ಯಾಕೆಟ್ ಹೋಗೋದು ಎಲ್ಓ ಮೇಲೇನೇ. ಅಂದ್ರೆ ಲೂಪ್‌ಬ್ಯಾಕ್ ಬರೀ 127 ರ ಸಲುವಾಗಿ ಇರೋದಲ್ಲ. ಒಂದೇ ಮಷೀನಿನ ಪ್ರೋಸೆಸ್ ಗಳು ಮಾತಾಡೋಕೆ ಇರೋ ಯುನಿಕ್ಸ್ ಡೊಮೇನ್ ಸಾಕೆಟ್ಟಿಗೆ ಮಾತ್ರ ಇದರ ಹಂಗೇ ಇಲ್ಲ, ಅದು ಎಲ್ಓ ಡೌನ್ ಇದ್ರೂ ನಡೀತೈತೆ.

ಈಗ ಪರ್ಮಿಷನ್ ವಿಷಯ. ಎಲ್ಓ ಅಪ್ ಮಾಡೋಕೆ ಆ ನೇಮ್‌ಸ್ಪೇಸಿನ ಮೇಲೆ ಕ್ಯಾಪ್ ನೆಟ್ ಅಡ್ಮಿನ್ ಅನ್ನೋ ಅಧಿಕಾರ ಬೇಕು. ನಮ್ಮ ರನ್ನರ್ ರೂಟ್ ಆಗಿ ಓಡಲ್ಲ, ಓಡಬಾರ್ದು ಕೂಡ. ಅದಕ್ಕೆ ಅನ್‌ಶೇರ್ ಗೆ ಯೂಸರ್ ನೇಮ್‌ಸ್ಪೇಸ್ (ಯೂಸರ್ ಐಡಿ, ಅಧಿಕಾರಗಳಿಗೆ ಬೇರೇದೇ ಪ್ರಪಂಚ) ಫ್ಲ್ಯಾಗು, ನೆಟ್ವರ್ಕ್ ಫ್ಲ್ಯಾಗು ಎರಡೂ ಒಟ್ಟಿಗೆ ಕೊಡ್ತೀವಿ. ಒಟ್ಟಿಗೆ ಕೊಟ್ಟಾಗ ಯೂಸರ್ ನೇಮ್‌ಸ್ಪೇಸೇ ಮೊದ್ಲು ಹುಟ್ತೈತೆ ಅಂತ ಕರ್ನಲ್ ಗ್ಯಾರಂಟಿ ಕೊಡ್ತೈತೆ, ಹಂಗಾಗಿ ನೆಟ್ವರ್ಕ್ ನೇಮ್‌ಸ್ಪೇಸು ಅದರ ಸುಪರ್ದಿಗೆ ಬರ್ತೈತೆ, ಒಳಗೆ ನಮಗೆ ಎಲ್ಲಾ ಅಧಿಕಾರ ಸಿಗ್ತೈತೆ. ಆದ್ರೆ ಹೊರಗಿನ ಯೂಸರ್ ಒಳಗೆ ಯಾರು ಅಂತ ಹೇಳೋ ಯೂಸರ್ ಐಡಿ ಮ್ಯಾಪ್ ಬರೆದು ಒಳಗಡೆ ರೂಟ್ ಆಗ್ದೇ ಎಕ್ಸೆಕ್ ಮಾಡಿದ್ರೆ, ಅಂದ್ರೆ ಬೇರೆ ಪ್ರೋಗ್ರಾಮ್ ಲೋಡ್ ಮಾಡಿದ್ರೆ, ಆ ಅಧಿಕಾರ ಹೋಗಿಬಿಡ್ತೈತೆ. ಮೊದ್ಲು ಹೇಳಿದ ದೊಡ್ಡ ಕಾರಣ ಇದು. ಐಪಿ ಕಮ್ಯಾಂಡನ್ನ ಎಕ್ಸೆಕ್ ಮಾಡೋ ಹೊತ್ತಿಗೆ ಕೈಲಿದ್ದ ಅಧಿಕಾರ ಖಾಲಿ ಆಗಿರ್ಬಹುದು, ಅದೇ ನಮ್ಮ ಪ್ರೋಸೆಸ್ ಒಳಗೇ, ಎಕ್ಸೆಕ್ ಗಿಂತ ಮುಂಚೆ ಆ 32 ಬೈಟ್ ಕಳಿಸಿಬಿಟ್ರೆ ತಕರಾರಿಲ್ಲ. ಹುಡುಗರ ಪ್ರೋಗ್ರಾಮ್ ಓಡೋ ಹೊತ್ತಿಗೆ ಅಧಿಕಾರ ಹೋಗಿರ್ಬೇಕು, ನಮಗೆ ಬೇಕಾಗಿರೋದೂ ಅದೇ.

ಉಬುಂಟು 24.04 ಹಾಕಿರೋರು ಇದನ್ನ ಓದ್ರಿ. ಅದರಲ್ಲಿ ಸಾಮಾನ್ಯ ಯೂಸರ್ ಮಾಡೋ ಯೂಸರ್ ನೇಮ್‌ಸ್ಪೇಸ್ ಮೇಲೆ ಆಪ್‌ಆರ್ಮರ್ ಅನ್ನೋ ಸೆಕ್ಯುರಿಟಿ ವ್ಯವಸ್ಥೆ ಕಡಿವಾಣ ಹಾಕೈತೆ. ಅನ್‌ಶೇರ್ ಸಕ್ಸಸ್ ಆಗ್ತೈತೆ, ನೇಮ್‌ಸ್ಪೇಸೂ ಹುಟ್ತೈತೆ, ಆದ್ರೆ ಒಳಗಿನ ಅಧಿಕಾರಗಳನ್ನ ಆಪ್‌ಆರ್ಮರ್ ಬಳಸೋಕೆ ಬಿಡಲ್ಲ. ಬಬಲ್‌ರ್ಯಾಪ್ ನೋರಿಗೆ ಹಂಗಾಗಿ ಲೂಪ್‌ಬ್ಯಾಕ್ ಹತ್ರ ಬಂದಾಗ್ಲೇ "ಆರ್‌ಟಿಎಂ ನ್ಯೂ ಅಡರ್, ಆಪರೇಷನ್ ನಾಟ್ ಪರ್ಮಿಟೆಡ್" ಅಂತ ಎರರ್ ಬರೋದು. ಅದನ್ನ ಓದಿ ನೆಟ್ವರ್ಕ್ ಸೆಟ್ಟಿಂಗು, ಡಿಎನ್ಎಸ್ಸು, ಫೈರ್‌ವಾಲು ಅಂತ ಎಲ್ಲೆಲ್ಲೋ ಹುಡುಕೋರನ್ನ ನೋಡಿದೀನಿ, ಪಾಪ ನೆಟ್ವರ್ಕ್ ಗೂ ಅದಕ್ಕೂ ಸಂಬಂಧವೇ ಇಲ್ಲ. ಪೂರ್ತಿ ಕಡಿವಾಣ ತೆಗೆಯೋ ಸಿಸ್‌ಸಿಟಿಎಲ್ (ಕರ್ನಲ್ ಸೆಟ್ಟಿಂಗು) ಒಂದೈತೆ, ಇಂಟರ್ನೆಟ್ಟಲ್ಲಿ ಸಿಗೋ ಹೆಚ್ಚಿನ ಉತ್ತರ ಅದನ್ನೇ ಹೇಳ್ತಾವೆ, ನಾನು ಬೇಡ ಅಂತೀನಿ. ನಿಮ್ಮ ಒಂದು ಬೈನರಿಗೆ ಮಾತ್ರ ಯೂಸರ್‌ಎನ್ಎಸ್ ಪರ್ಮಿಷನ್ ಕೊಡೋ ಆಪ್‌ಆರ್ಮರ್ ಪ್ರೊಫೈಲ್ ಬರೀರಿ, ನಾಲ್ಕೈದು ಸಾಲಿನ ಕೆಲಸ, ಬೇರೆ ಪ್ರೋಗ್ರಾಮ್ ಗಳಿಗೆ ಕಡಿವಾಣ ಹಂಗೇ ಉಳೀತೈತೆ.

ಇಷ್ಟೆಲ್ಲ ಮಾಡಿದ್ದಕ್ಕೆ ಸಿಕ್ಕಿದ್ದು ಏನು ಅಂದ್ರೆ, ಈಗ ಇಡೀ ಕ್ಲಾಸಿನ ಹುಡುಗರು ಒಟ್ಟಿಗೆ ಸಬ್ಮಿಟ್ ಮಾಡಿದ್ರೂ ಎಲ್ಲರೂ 8080 ಪೋರ್ಟಿಗೇ ಬೈಂಡ್ ಮಾಡಬಹುದು. ಒಬ್ಬೊಬ್ಬರಿಗೂ ಬೇರೆ ಎಲ್ಓ, ಬೇರೆ ಪೋರ್ಟ್ ಪಟ್ಟಿ. ಸರ್ವರ್ ನಿಲ್ಲಿಸಿ ತಕ್ಷಣ ಮತ್ತೆ ಓಡಿಸಿದಾಗ ಬರೋ ಅಡ್ರೆಸ್ ಆಲ್ರೆಡಿ ಇನ್ ಯೂಸ್ ಎರರ್ ಕೂಡ ಮಾಯ, ಯಾಕಂದ್ರೆ ನೇಮ್‌ಸ್ಪೇಸ್ ಹೋದಾಗ ಟೈಮ್‌ವೇಟಲ್ಲಿ (ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಕಾಯೋ ಸ್ಥಿತಿ) ಕೂತಿರೋ ಕನೆಕ್ಷನ್ನುಗಳೂ ಅದರ ಜೊತೆಗೇ ಹೋಗ್ತಾವೆ. ನೇಮ್‌ಸ್ಪೇಸ್ ಅಳಿಸೋ ಕೆಲಸನ ಕರ್ನಲ್ಲು ಹಿಂದುಗಡೆ ನಿಧಾನಕ್ಕೆ ಮಾಡ್ತೈತೆ, ಒಂದೇ ಸಮನೆ ಸಾವಿರಾರು ಹುಟ್ಟಿಸಿ ಅಳಿಸೋರು ಅದನ್ನ ಲೆಕ್ಕಕ್ಕಿಟ್ಕೋಬೇಕು, ನಮ್ಮ ಅಳತೆಗೆ ಅದು ತಾಗಿಲ್ಲ.

ಎಲ್ಓ ಅಪ್ ಆದ್ಮೇಲೂ ಕೆಲವರ ಕ್ಲೈಂಟ್ ಓಡ್ತಿರಲಿಲ್ಲ, ಅದು ಹೆಸರಿನ ಸಮಸ್ಯೆ. 127.0.0.1 ಅಂತ ಬರೆದೋರದ್ದು ನಡೀತಿತ್ತು, ಲೋಕಲ್‌ಹೋಸ್ಟ್ ಅಂತ ಬರೆದೋರದ್ದು ಇಲ್ಲ. ಆ ಹೆಸರಿಗೆ ಅರ್ಥ ಕೊಡೋದು ಹೋಸ್ಟ್ಸ್ ಫೈಲು, ಸ್ಯಾಂಡ್‌ಬಾಕ್ಸಲ್ಲಿ /ಇಟಿಸಿ ಫೋಲ್ಡರೇ ಹೆಚ್ಚುಕಮ್ಮಿ ಖಾಲಿ. ಈಗ ಎರಡು ಸಾಲಿನ ಹೋಸ್ಟ್ಸ್ ಫೈಲ್ ಒಳಗಿಡ್ತೀವಿ, 127.0.0.1 ಕ್ಕೊಂದು ಸಾಲು, ::1 ಕ್ಕೊಂದು ಸಾಲು. ಹೆಸರಿಂದ ಅಡ್ರೆಸ್ ಹುಡುಕೋ ಗೆಟ್‌ಹೋಸ್ಟ್‌ಬೈನೇಮ್ ಬಳಸಿದ ಹಳೇ ಲ್ಯಾಬ್ ಪ್ರೋಗ್ರಾಮ್ ಗಳಿಗೆ ಇಷ್ಟು ಸಾಕು, ಅದು ಐಪಿವಿ4 ಅಡ್ರೆಸ್ಸನ್ನೇ ಕೊಡ್ತೈತೆ. ಅದರ ಹೊಸ ರೂಪ ಗೆಟ್‌ಅಡರ್‌ಇನ್ಫೋ ಬಳಸೋರು ಮಾತ್ರ ಅದು ಕೊಡೋ ಲಿಸ್ಟಿನ ಮೊದಲನೇ ಅಡ್ರೆಸ್ಸಿಗೆ ಒಂದ್ಸಲ ಟ್ರೈ ಮಾಡಿ ಕೈ ಬಿಡಬೇಡ್ರಿ, ಸಾಮಾನ್ಯವಾಗಿ ::1 ಮೊದ್ಲು ಬರ್ತೈತೆ, ನಿಮ್ಮ ಸರ್ವರ್ರು ಐಪಿವಿ4 ಮೇಲೆ ಮಾತ್ರ ಕೂತಿದ್ರೆ ಕನೆಕ್ಷನ್ ರೆಫ್ಯೂಸ್ಡ್ ಅಂತ 111 ಬರ್ತೈತೆ. ಲೂಪ್ ಹಾಕಿ ಲಿಸ್ಟಲ್ಲಿರೋ ಒಂದೊಂದಕ್ಕೂ ಕನೆಕ್ಟ್ ಮಾಡ್ತಾ ಹೋಗ್ರಿ, ಎರಡನೇದಕ್ಕೆ ಸಿಗ್ತೈತೆ.